ಶಕಾರದ ಸುದ್ದಿಗಳು

ನನ್ನ ಹೆಡ್‌ಫೋನಿಗೆ ಯಾರೋ ಕೈ ಹಾಕಿದ್ದಾರೆ ಎಂಬ ಗುಮಾನಿ ಬಂದದ್ದು ಹೊಸದಾಗಿ ಸೇರಿದ ವಾರ್ತಾವಾಚಕಿಯಿಂದ. ರೇಡಿಯೋದ ಮಧ್ಯಾಹ್ನದ ವಾರ್ತೆಯನ್ನು ನಾವಿಬ್ಬರೂ ಒಂದೇ ಮೇಜಿಗೆ ಕೂತು, ಸುದ್ದಿ ಹಂಚಿಕೊಂಡು ಓದುತ್ತೇವೆ. ಗಾಜಿನಾಚೆ ಸೌಂಡ್ ಇಂಜಿನಿಯರ್, ನನ್ನ ಸ್ವಂತ ಮೈದುನ. ಅವನು ಗುಂಡಿ ಒತ್ತಿ ಏನೋ ಹೇಳುತ್ತಾನೆ, ಅದು ಅವಳ ಕಿವಿಗೆ ಮಾತ್ರ ಹೋಗುತ್ತದೆ, ಅವಳು ತಲೆಯಾಡಿಸಿ ನನ್ನ ಹಾಳೆಯನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ.

"ಇದು ನಾನೇ ಓದ್ತೀನಿ ಅಕ್ಕಾ, ನಿಮಗ್ಯಾಕೆ ಶ್ರಮ?"

ಶ್ರಮವಂತೆ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನ ಸುದ್ದಿಗಳು ಜಾರಿಹೋಗುತ್ತಿದ್ದವು.

ಮುಂದಿನ ತಿಂಗಳಿನಿಂದ ಈ ವಾರ್ತೆಗೆ ಒಬ್ಬರೇ ಸಾಕು ಎಂದು ಮುಖ್ಯಸ್ಥರು ಹೇಳಿದ್ದರು. ಯಾರು ಎನ್ನುವುದನ್ನು ಇವತ್ತಿನ ಓದು ಕೇಳಿ ತೀರ್ಮಾನಿಸುತ್ತಾರಂತೆ. ಈ ಕುರ್ಚಿ ಹೋದರೆ ನನಗೆ ಉಳಿಯುವುದು ಹಳೆಯ ಟೇಪುಗಳ ಕೋಣೆ. ಅದನ್ನು ನೆನೆದರೇ ಅಳು ಬರುತ್ತಿತ್ತು.

ಹಾಗಾಗಿ ಗುಮಾನಿ ಬಗೆಹರಿಸಿಕೊಳ್ಳಲು ಇವತ್ತು ಬೇಗ ಬಂದೆ.

"ಏನತ್ತಿಗೆ, ಇಷ್ಟು ಬೇಗ?" ಎಂದ ಮೈದುನ.

"ಯಾಕೆ, ಬರಬಾರದಿತ್ತಾ?"

"ಅಯ್ಯೋ, ನಾನೇನೂ ಮುಟ್ಟಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿದ ಮಾತೇ ಎತ್ತಿರಲಿಲ್ಲ.

ಅವನು ಕೇಬಲ್ ತರಲು ಹೊರಟ ಕೂಡಲೇ ಮೇಜಿನ ಮೇಲಿನ ಪೆಟ್ಟಿಗೆಯ ಸೆಟ್ಟಿಂಗ್ ತೆರೆದೆ. ನಮ್ಮ ಮೈಕು, ಹೆಡ್‌ಫೋನು, ಯಾರ ಮಾತು ಯಾರ ಕಿವಿಗೆ ಎಂಬುದೆಲ್ಲ ಇರುವುದು ಅದರಲ್ಲೇ. ಪಾಸ್‌ವರ್ಡ್ ಕೇಳಿತು. ಅವನ ಮಗಳ ಮುದ್ದಿನ ಹೆಸರು ಒತ್ತಿದೆ, ಚಿಟ್ಟಿ. ಆ ಹೆಸರಿಟ್ಟವಳೇ ನಾನು. ತೆರೆದುಕೊಂಡಿತು. ಹೊಸಬಳ ಪುಟದಲ್ಲಿ ವಿಶೇಷವೇನಿಲ್ಲ. ನನ್ನ ಪುಟದಲ್ಲಿ ಮೈಕಿಗೂ ಏನಿಲ್ಲ, ಹೆಡ್‌ಫೋನಿಗೆ ಮಾತ್ರ ಒಂದು ಫಿಲ್ಟರ್. ನನ್ನ ದನಿ ನನ್ನ ಕಿವಿಗೆ ಬರುವ ದಾರಿಯಲ್ಲಿ ಚೂಪು ಸದ್ದನ್ನೆಲ್ಲ ಕತ್ತರಿಸಿಹಾಕುವಂಥದ್ದು. ಸಿಕ್ಕಿಬಿದ್ದೆಯಲ್ಲೋ ಕಳ್ಳ, ಎಂದುಕೊಂಡು ಅದನ್ನು ಕಿತ್ತುಹಾಕಿದೆ. ಮೈಕು ಪ್ರಸಾರಕ್ಕೆ ಹೋಗುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಮುಂದಿದ್ದ ಹಾಳೆ ಓದಿದೆ.

"ಶನಿವಾರ ಸಂಜೆ ಶಾಲೆಗಳಲ್ಲಿ..."

ಒಂದೊಂದು ಶಕಾರಕ್ಕೂ ಒಂದೊಂದು ಸಿಳ್ಳೆ!

ಮೈಕು ಕೆಟ್ಟಿರಬೇಕು ಎಂದು ಅವಳ ಹೆಡ್‌ಫೋನ್ ಹಾಕಿಕೊಂಡು ಅವಳ ಮೈಕಿನಲ್ಲಿ ಓದಿದೆ. ಅಲ್ಲೂ ಸಿಳ್ಳೆ. ನಾಲಿಗೆ ತಾನಾಗಿಯೇ ಮೇಲ್ಹಲ್ಲು ಸವರಿತು. ಹೊಸ ಹಲ್ಲಿನ ಸೆಟ್ಟು. ಕಟ್ಟಿಸಿಕೊಂಡ ಹೊಸತರಲ್ಲಿ ಮನೆಯಲ್ಲಿ ಮಾತಾಡುವಾಗ ಸಿಳ್ಳೆ ಬರುತ್ತಿದೆಯೇನೋ ಎಂಬ ಅನುಮಾನ ಬಂದಿತ್ತು. ಗಂಡ "ಏನೂ ಇಲ್ಲ ಕಣೇ" ಎಂದಿದ್ದರು. ಹೆಡ್‌ಫೋನಿನಲ್ಲಿ ದನಿ ಮುತ್ತು ಪೋಣಿಸಿದ ಹಾಗೆ ಕೇಳುತ್ತಿದ್ದರಿಂದ ನಾನೂ ನಂಬಿದ್ದೆ. ಈ ಕಸುಬಿನವರು ಕನ್ನಡಿಯನ್ನು ನಂಬದಿದ್ದರೂ ಹೆಡ್‌ಫೋನನ್ನು ನಂಬುತ್ತಾರೆ. ಊರಿಗೆಲ್ಲ ಕೇಳಿಸುತ್ತಿತ್ತು, ನನಗೊಬ್ಬಳಿಗೆ ಇಲ್ಲ. ಮುಖ್ಯಸ್ಥರು ಒಬ್ಬರೇ ಸಾಕು ಎಂದದ್ದು ಯಾಕೆಂದೂ ಈಗ ಹೊಳೆಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಮೈದುನ ಬಾಗಿಲಲ್ಲಿ ನಿಂತಿದ್ದ.

"ತೆಗೆದುಬಿಟ್ರಾ?"

"ಎಷ್ಟು ದಿನದಿಂದ ಈ ನಾಟಕ?"

"ಹಲ್ಲು ಕಟ್ಟಿಸಿದಾಗಿಂದ. ನಿಮಗೆ ಕೇಳಿಸಿದ್ರೆ ಮೈಕ್ ಮುಂದೆ ಬಾಯೇ ಬಿಡಲ್ಲ ಅಂತ ಗೊತ್ತಿತ್ತು. ಸರಿಹೋಗೋವರೆಗೆ ಶ, ಸ ಜಾಸ್ತಿ ಇರೋದನ್ನ ಅವಳೇ ಓದ್ಲಿ ಅಂತ..."

"ಹಾಗಂತ ಅಂದಿದ್ದು ಯಾರು? ನೀನಾ, ಅವಳಾ?"

ಅವನು ಕೇಬಲ್ ಸುತ್ತತೊಡಗಿದ. "ಅವಳೇ. ನಿಮ್ಮ ಒಳ್ಳೇದಕ್ಕೇ ಅತ್ತಿಗೆ."

ಒಳ್ಳೇದಕ್ಕೇ! 'ಸುದ್ದಿ' ಎನ್ನುವ ಮಾತಿನಲ್ಲೇ ಸಕಾರ ಕೂತಿದೆ. ಶಾಸಕ, ಸಚಿವ, ಆಸ್ಪತ್ರೆ, ಶಿಕ್ಷೆ ಎಲ್ಲ ಅವಳ ಪಾಲು. ನನಗೆ ಬಿಟ್ಟದ್ದು ಮಳೆ, ಗಾಳಿ, ತರಕಾರಿ ಧಾರಣೆ. ಕರುಣೆಯೋ, ಕುರ್ಚಿಯ ಮೇಲಿನ ಕಣ್ಣೋ, ದೇವರಿಗೇ ಗೊತ್ತು. ಮೈದುನನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅವಳ ಮೇಲಿನ ಗುಮಾನಿ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

"ಫಿಲ್ಟರ್ ವಾಪಸ್ ಹಾಕ್ಲಾ? ಇವತ್ತೊಂದು ದಿನ. ಮುಖ್ಯಸ್ಥರು ಕೇಳ್ತಾ ಇರ್ತಾರೆ."

"ಬೇಡ. ಅವಳ ಕಿವಿಗೆ ನೀನು ಹೇಳೋದೆಲ್ಲ ಇನ್ಮೇಲೆ ನನ್ನ ಕಿವಿಗೂ ಬರ್ಲಿ."

ನಿಟ್ಟುಸಿರು ಬಿಟ್ಟು ಹಾಗೇ ಮಾಡಿದ. ಅಷ್ಟರಲ್ಲಿ ಹೊಸಬಳು ನಗುತ್ತಾ ಬಂದು ಪಕ್ಕದಲ್ಲಿ ಕೂತಳು.

ಕೆಂಪು ದೀಪ ಹತ್ತಿತು. ಮೊದಲ ಸುದ್ದಿ ನಾನೇ ಓದಿದೆ. ಸಿಳ್ಳೆ ಮತ್ತೆ ಮತ್ತೆ ಹೊಡೆಯಿತು, ಆದರೆ ಬಾಯಿ ನಿಲ್ಲಲಿಲ್ಲ. ನನಗೂ ಕೇಳಿಸುತ್ತದೆಂದು ಗೊತ್ತಿದ್ದೂ ಮೈದುನ ಅವಳಿಗೆ ಪಿಸುಗುಟ್ಟಿದ, "ಮುಂದಿಂದು ನೀನು ತಗೋ." ಅವಳ ಕೈ ನನ್ನ ಹಾಳೆಯತ್ತ ಬಂತು. ನಾನು ಹಾಳೆಯ ಮೇಲೆ ಮೊಣಕೈ ಊರಿ, "ಶಾಸಕರ ಸಭೆಯಲ್ಲಿ" ಎಂದು ಶುರುಮಾಡಿದೆ.