ಚುಕ್ಕೆ ಇಡದ ಸ್ಲೈಡು

"ಬೆಳಿಗ್ಗೆ ಬಂದ ಹೊಸ ಕೇಸನ್ನೇ ತೋರಿಸೋಣ," ಎಂದರು ರಕ್ತರೋಗ ವಿಭಾಗದ ಮುಖ್ಯಸ್ಥರು, ಟೈ ಸರಿಮಾಡಿಕೊಳ್ಳುತ್ತ. "ಚುಕ್ಕೆ ಇಟ್ಟಿದೀಯ ತಾನೇ?"

"ಸ್ಲೈಡು ರೆಡಿ ಇದೆ ಸರ್," ಎಂದಳು ಲ್ಯಾಬಿನ ಹಿರಿಯ ಟೆಕ್ನಿಶಿಯನ್.

ಅವರಿಗೆ ಅಷ್ಟು ಸಾಕಾಯಿತು. ಇಪ್ಪತ್ತೆರಡು ವರ್ಷದಿಂದ ಅವರ ಪಾಠ ನಡೆದದ್ದೇ ಅವಳ ಚುಕ್ಕೆಗಳ ಮೇಲೆ. ಗಾಜಿಗೆ ಬಳಿದ ರಕ್ತಕ್ಕೆ ಕಣಗಳು ಕಾಣುವಂತೆ ಬಣ್ಣ ಹಾಕಿ, ಅದರಲ್ಲಿ ಕೆಟ್ಟ ಕಣ ಎಲ್ಲಿದೆಯೆಂದು ಹುಡುಕಿ, ಪಕ್ಕದಲ್ಲಿ ಕಪ್ಪು ಶಾಯಿಯಿಂದ ಸಾಸಿವೆಯಷ್ಟು ಚುಕ್ಕೆ ಇಡುವವಳು ಅವಳು. ಮುಖ್ಯಸ್ಥರು ನೇರವಾಗಿ ಅಲ್ಲಿಗೇ ಲೆನ್ಸು ತಂದು, "ನೋಡಿದ್ರಾ, ಎರಡೇ ಸೆಕೆಂಡು!" ಅನ್ನುವರು. ವಿದ್ಯಾರ್ಥಿಗಳು ಬಾಯಿ ಬಿಟ್ಟುಕೊಂಡು ನೋಡುವರು. ಗುಟ್ಟು ಗೊತ್ತಿದ್ದ ಕಿರಿಯ ಡಾಕ್ಟರುಗಳು ಮಾತ್ರ ಅವಳನ್ನು ಚುಕ್ಕಿ ಅಕ್ಕ ಎಂದು ಕರೆಯುತ್ತಿದ್ದರು.

ಎರಡು ವರ್ಷದ ಹಿಂದೆ ಒಬ್ಬ ಶಾಲಾ ಟೀಚರ ರಕ್ತ ಬಂದಿತ್ತು. "ಸರ್, ಇದರಲ್ಲಿ ಏನೋ ಇದೆ, ಒಂದ್ಸಲ ನೋಡಿ," ಎಂದು ಅವಳು ಎರಡು ಬಾರಿ ಹೋಗಿ ಹೇಳಿದ್ದಳು. "ಬಣ್ಣ ಹಾಕೋದು ನಿನ್ನ ಕೆಲಸ. ರೋಗ ಹೇಳೋದು ನನ್ನದು," ಎಂದು ಅವರು ಸ್ಲೈಡು ನೋಡದೆಯೇ ವೈರಲ್ ಜ್ವರವೆಂದು ಸಹಿ ಹಾಕಿದ್ದರು. ನಾಲ್ಕನೇ ದಿನ ಟೀಚರು ತಲೆಯೊಳಗೆ ರಕ್ತ ಸೋರಿ ತೀರಿಕೊಂಡರು. ವಿಚಾರಣೆಯಲ್ಲಿ ಮುಖ್ಯಸ್ಥರು ತಣ್ಣಗೆ, "ಬಣ್ಣ ಕೆಟ್ಟಿತ್ತು," ಎಂದುಬಿಟ್ಟರು. ಅದರ ಬೆನ್ನಿಗೇ ಅವರದೇ ಸಹಿಯ ಆದೇಶ ಅವಳ ಕೈಗೆ ಬಂತು: ತಾಂತ್ರಿಕ ಸಿಬ್ಬಂದಿ ಸ್ಲೈಡಿನ ಮೇಲೆ ಯಾವುದೇ ಗುರುತು ಹಾಕತಕ್ಕದ್ದಲ್ಲ.

ಆದೇಶ ಹೋಗಲಿ. ಒಂದು ಮಧ್ಯಾಹ್ನ ಟೀಚರ ಗಂಡ ಲ್ಯಾಬಿನ ಬಾಗಿಲಲ್ಲಿ ನಿಂತು, "ಬಣ್ಣ ಕೆಡಿಸಿದ್ದು ನೀವೇನಾ?" ಎಂದು ಕೇಳಿದ್ದ. ಬೈದಿದ್ದರೆ ಸಹಿಸಬಹುದಿತ್ತು. ಅವನು ಸುಮ್ಮನೆ ಅವಳ ಕೈಗಳನ್ನೇ ನೋಡಿ ಹೋದ.

ವಾರ ಕಳೆಯುವಷ್ಟರಲ್ಲಿ ಮುಖ್ಯಸ್ಥರು, "ಅದೆಲ್ಲ ಕಾಗದಕ್ಕಮ್ಮ, ಕ್ಲಾಸಿಗೆ ಚುಕ್ಕೆ ಇಟ್ಬಿಡು," ಎಂದರು. ಅವಳು ಇಟ್ಟುಕೊಟ್ಟಳು. ಆದರೆ ಆ ಕಾಗದವನ್ನು ಮಡಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. ಕೋಟು ಒಗೆಯುವ ದಿನ ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಹಾಕಿಕೊಳ್ಳುವಳು.

ಇವತ್ತು ಸಂಶೋಧನಾ ಕೇಂದ್ರದ ಮಾನ್ಯತೆಗೆಂದು ಪರಿಶೀಲನಾ ತಂಡ ಬಂದಿತ್ತು. ಬೆಳಿಗ್ಗೆ ಬಂದ ರಕ್ತ ಒಬ್ಬ ಬಸ್ ಡ್ರೈವರನದು. ಸ್ಲೈಡು ನೋಡುತ್ತಲೇ ಅವಳ ಬೆನ್ನು ನೆಟ್ಟಗಾಯಿತು. ಟೀಚರ ರಕ್ತದಲ್ಲಿದ್ದ ಕಣಗಳೇ. ಒಳಗೆ ಸೌದೆಯ ಹೊರೆ ಕಟ್ಟಿಟ್ಟಂತೆ ಕಡ್ಡಿಗಳು; ತಡಮಾಡಿದರೆ ರಕ್ತ ಸೋರಿಸಿ ಕೊಲ್ಲುವ ರಕ್ತದ ಕ್ಯಾನ್ಸರಿನ ಗುರುತು. ಇಡೀ ಸ್ಲೈಡಿಗೆ ಏಳೋ ಎಂಟೋ, ಅವೂ ತುದಿಯಲ್ಲಿ. ಅವಳು ಮೊದಲು ವಾರ್ಡಿನ ಕಿರಿಯ ಡಾಕ್ಟರಿಗೆ ಫೋನು ಮಾಡಿದಳು. "ನಾನೇನೂ ಹೇಳಲ್ಲಮ್ಮ, ನೀವೇ ಬಂದು ನೋಡಿ." ಆ ಹುಡುಗಿ ಓಡಿ ಬಂದು ನೋಡಿ, ಓಡಿಯೇ ಹೋದಳು. ಒಂಬತ್ತಕ್ಕೆಲ್ಲ ಡ್ರೈವರನಿಗೆ ಔಷಧಿ ಶುರುವಾಗಿತ್ತು; ತಂಡದ ಸ್ವಾಗತದ ಗಡಿಬಿಡಿಯಲ್ಲಿದ್ದ ಮುಖ್ಯಸ್ಥರು ವಾರ್ಡಿನ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಅವಳು ಶಾಯಿಯ ಪೆನ್ನಿಗೆ ಮುಚ್ಚಳ ಹಾಕಿ ಡ್ರಾಯರಿನಲ್ಲಿಟ್ಟಳು.

ಕ್ಲಾಸಿನಲ್ಲಿ ತಂಡದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ದೀಪ ಆರಿಸಿದರು. ಮೈಕ್ರೋಸ್ಕೋಪಿನ ಚಿತ್ರ ಗೋಡೆಯ ಪರದೆಯ ಮೇಲೆ ಮೂಡಿತು. ಮುಖ್ಯಸ್ಥರು ಚುಕ್ಕೆ ಹುಡುಕಿದರು. ಇಲ್ಲ. ಸ್ಲೈಡನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಪರದೆಯ ಮೇಲೆ ಕೆಂಪು ಕಣಗಳು ಅತ್ತಿಂದಿತ್ತ ಓಡಾಡಿದವು. ಒಬ್ಬ ವಿದ್ಯಾರ್ಥಿ ಕೆಮ್ಮಿದ. ಬಾಗಿಲ ಬಳಿ ನಿಂತ ಅವಳು ಪರದೆಯ ಬೆಳಕಿನಲ್ಲಿ ಅವರ ಕತ್ತಿನ ಮೇಲೆ ಬೆವರು ಮೂಡುವುದನ್ನು ಕಣ್ತುಂಬ ನೋಡಿದಳು.

"ವಿಶೇಷ ಏನಿಲ್ಲ," ಎಂದರು ಕೊನೆಗೆ. "ವೈರಲ್ ಜ್ವರ."

"ನಾನೊಂದ್ಸಲ ನೋಡ್ಲಾ?" ಎಂದು ತಂಡದ ಹಿರಿಯ ಮೇಡಂ ಎದ್ದು ಬಂದರು. ಅವಸರವಿಲ್ಲದೆ ಸ್ಲೈಡಿನ ತುದಿಗೆ ಹೋದರು. ಸೌದೆಹೊರೆಯ ಕಣ ಪರದೆಯ ತುಂಬ ನಿಂತಿತು.

ಮುಖ್ಯಸ್ಥರು ಗಕ್ಕನೆ ಬಾಗಿಲ ಕಡೆ ತಿರುಗಿದರು. "ಚುಕ್ಕೆ ಯಾಕೆ ಇಟ್ಟಿಲ್ಲ?"

"ಚುಕ್ಕೆ ಅಂದ್ರೆ?" ಎಂದರು ಮೇಡಂ.

ಅವಳು ಮುಂದೆ ಬಂದು ಮಡಿಕೆಗಳಲ್ಲಿ ಹರಿದಿದ್ದ ಕಾಗದವನ್ನು ಮೇಡಂ ಕೈಗೆ ಕೊಟ್ಟಳು. "ಇಡಬಾರದು ಅಂತ ಸರ್ ಅವರದೇ ಆದೇಶ ಇದೆ ಮೇಡಂ. ಒಬ್ಬ ಟೀಚರು ತೀರಿಕೊಂಡಾಗ ಕೊಟ್ಟಿದ್ದು."

ಮೇಡಂ ಓದಿದರು. ಮತ್ತೊಮ್ಮೆ ಓದಿದರು. "ಆ ಟೀಚರ ಸ್ಲೈಡು ಇದೆಯಾ?"

"ಜೋಪಾನವಾಗಿದೆ."

"ತನ್ನಿ."

ಅವಳ ಹೊಟ್ಟೆ ತಣ್ಣಗಾಯಿತು.

ಸಂಜೆಯ ಹೊತ್ತಿಗೆ ತಂಡ ಟೀಚರ ಸ್ಲೈಡನ್ನೂ ಹಳೆಯ ಕಡತವನ್ನೂ ತೆಗೆದುಕೊಂಡು ಹೊರಟುಹೋಯಿತು. ಮುಖ್ಯಸ್ಥರು ಲ್ಯಾಬಿಗೆ ಬಂದು ಅವಳ ಸ್ಟೂಲಿನ ಮೇಲೆ ಕುಳಿತರು. ಡ್ರೈವರನ ಸ್ಲೈಡನ್ನು ಮೈಕ್ರೋಸ್ಕೋಪಿಗಿಟ್ಟು, ಕಣ್ಣು ಹಚ್ಚಿ ಬಹಳ ಹೊತ್ತು ಅತ್ತಿತ್ತ ಸರಿಸಿದರು.

"ಎಲ್ಲಿದೆ, ಸ್ವಲ್ಪ ತೋರಿಸಮ್ಮ," ಎಂದರು, ತಲೆ ಎತ್ತದೆ.

ಅವಳು ಸಿಂಕಿನ ಮುಂದೆ ನಿಂತು ಬಣ್ಣದ ತಟ್ಟೆಗಳನ್ನು ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದಳು. ನೇರಳೆ ನೀರು ಸುಳಿಸುಳಿಯಾಗಿ ಇಳಿದು, ಬರಬರುತ್ತ ತಿಳಿಯಾಯಿತು.