ಮೆಂಥಾಲಿನ ಕುರ್ಚಿ

ಬೂಟಿನೊಳಗೆ ಕಾಲುಚೀಲ ಇನ್ನೂ ತೊಯ್ದೇ ಇದೆ, ಹೆಬ್ಬೆರಳು ಮಡಚಿದರೆ ಪಿಚಕ್ ಎನ್ನುತ್ತದೆ, ಪರೀಕ್ಷೆಗೆ ಹೊರಟವರ ಮುಂದೆ ಹೊಸ್ತಿಲಿಗೆ ಒಂದು ತಂಬಿಗೆ ನೀರು ಸುರಿಯುವುದು ಸರಿ, ಮೂರನೇ ಸಲಕ್ಕೆ ತಂಬಿಗೆ ಸಾಲದೆಂದು ಅಮ್ಮ ಬಕೆಟ್ಟನ್ನೇ ಎತ್ತಿದಳು, ನೀರು ಹರಿದ ಹಾಗೆ ಸಲೀಸಾಗಿ ಆಗ್ಲಿ ಜೋರಿ ಅಂದಳು, ಕೆಳಮನೆಯ ಪೆಂಕಾ ಅಜ್ಜಿ ಮೆಟ್ಟಿಲಿಂದಲೇ ಕೂಗಿದಳು, ನಿನ್ನ ಮಗಳು ಪಾಸಾಗೋದ್ರೊಳಗೆ ನಾವೆಲ್ಲ ಮುಳುಗಿ ಹೋಗ್ತೀವಿ ಕಣಮ್ಮ — ನಕ್ಕೆ, ಮೂರು ವಾರದಲ್ಲಿ ಮೊದಲ ಸಲ ನಕ್ಕೆ. ಈಗ ಪ್ರಶ್ನೆಯ ಚೀಟಿ ಎತ್ತಿಯಾಗಿದೆ, ಹನ್ನೊಂದನೆಯದು, ಮೆಂಥಾಲಿನ ಉಂಗುರವನ್ನು ಕುರ್ಚಿ ರೂಪದಲ್ಲಿ ಬರೆಯಿರಿ, ಮೇಜಿನಾಚೆ ಕೆಹಾಯೋವಾ ಮೇಡಂ ಕನ್ನಡಕ ಒರೆಸುತ್ತಿದ್ದಾರೆ, ಈ ಸಲವೂ ಹೋದರೆ ಇಡೀ ವರ್ಷ ಮತ್ತೆ ಓದಬೇಕು, ಪಾಸಾದರೆ ಓಗ್ನ್ಯಾನ್‌ಗೆ ಫೋನ್ ಮಾಡಬಹುದು, ಕಲಿಸಿದವನಿಗೆ ಹೇಳದೆ ಇರುವುದು ಹೇಗೆ, ಅಷ್ಟು ನೆಪ ಸಾಕು ನನಗೆ, ಅಷ್ಟೇ ಬೇಕು.

ಆರು ಇಂಗಾಲ, ಆರು ಗೆರೆ, ಚಪ್ಪಟೆಯಲ್ಲ, ಒಂದು ತುದಿ ಮೇಲಕ್ಕೆ ತಲೆಯಾಗಿ, ಇನ್ನೊಂದು ಕೆಳಕ್ಕೆ ಕಾಲಾಗಿ ಮಡಚಿದ ಆರಾಮಕುರ್ಚಿ, ಚಳಿಗಾಲದಲ್ಲಿ ನಾನು ಬರೆದದ್ದು ತುಳಿದ ರಟ್ಟಿನ ಡಬ್ಬದ ಹಾಗಿತ್ತು, ಮೇಡಂ ಅವರ ಸಂಶೋಧನಾ ವಿದ್ಯಾರ್ಥಿ, ಅದೇ ಓಗ್ನ್ಯಾನ್, ಕ್ಯಾಂಟೀನಿನಲ್ಲಿ ನೋಡಿ ಬಿದ್ದು ಬಿದ್ದು ನಕ್ಕಿದ್ದ, ಇದರ ಮೇಲೆ ಕೂತವರ ಸೊಂಟ ಉಳಿಯಲ್ಲ ಕಣೇ, ಆಮೇಲೆ ನನ್ನ ಅಂಗೈ ತಿರುಗಿಸಿ ಶಾಯಿ ಹತ್ತಿದ ಅಂಚು ನೋಡಿದ, ಓ, ನೀನು ಎಡಚಿ, ಬರೆದದ್ದನ್ನೆಲ್ಲ ನೀನೇ ಒರಸ್ಕೊಂಡು ಹೋಗ್ತಿದ್ದೀಯ, ಬಲಗಡೆಯಿಂದ ಶುರು ಮಾಡು, ತಲೆ ಎಡಕ್ಕೆ ಬರ್ಲಿ, ಪುಸ್ತಕದಲ್ಲಿ ಬಲಕ್ಕಿದ್ರೆ ಇರ್ಲಿ ಬಿಡು, ಇದು ನಿನ್ನ ಕೈಗೋಸ್ಕರ ನಾನು ಮಾಡಿದ್ದು — ಮಾರ್ಚ್ ಪೂರ್ತಿ ಬನಿತ್ಸಾ ತಿಂಡಿ ಸುತ್ತಿಕೊಟ್ಟ, ಎಣ್ಣೆ ಹೀರಿದ ಕಾಗದಗಳ ಮೇಲೆ ಕುರ್ಚಿಗಳು, ನನ್ನ ಕೈ ಮೇಲೆ ಅವನ ಕೈ, ಒಂದು ಕಾಗದವನ್ನೂ ಎಸೆದಿಲ್ಲ ನಾನು.

ಬಲಮೂಲೆಯಿಂದ ಮೊದಲ ಗೆರೆ, ಅದಕ್ಕೆ ಎದುರಿನ ಗೆರೆ ಸಮಾನಾಂತರ, ಹಾಗೇ ಇನ್ನೆರಡು ಜೋಡಿ, ಆಯಿತು, ಈಗ ಉಂಗುರಕ್ಕೆ ಅಂಟುವ ಮೂರು ಗುಂಪು, ನೆಟ್ಟಗೆ ನಿಂತರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮೂರೂ ಪಕ್ಕಕ್ಕೆ ಚಾಚಿಕೊಳ್ಳಬೇಕು, ಕುರ್ಚಿ ಮಗುಚಿದರೂ ಮೇಲಿದ್ದದ್ದು ಮೇಲೇ ಇರುತ್ತೆ ದಡ್ಡಿ, ಎಷ್ಟು ಸಲ ಬೈದ, ಮೂರು ವಾರದ ಹಿಂದೆ ಮಾರಿತ್ಸಾ ನದಿಯ ಸೇತುವೆಯ ಮೇಲೆ ಮಾತ್ರ ಬೈಯಲಿಲ್ಲ, ಮೆತ್ತಗೆ ಹೇಳಿದ, ಪ್ರಬಂಧ ಮುಗಿಯೋವರೆಗೆ ನನಗೆ ಯಾರೂ ಬೇಡ ಜೋರಿ, ಬೇರೆ ಯಾರೂ ಇಲ್ಲ, ನಮ್ಮಮ್ಮನಾಣೆ, ನಂಬಿದೆ, ಪ್ರಬಂಧ ತಾನೇ, ಶರತ್ಕಾಲಕ್ಕೆ ಮುಗಿಯುತ್ತದೆ, ಕಾಯುವುದೇನು ಮಹಾ, ಮೂರು ಸಲ ಪರೀಕ್ಷೆಗೆ ಕೂತವಳಿಗೆ.

ಕೊಡಮ್ಮ ನೋಡೋಣ, ಮೇಡಂ ಕಾಗದ ಎಳೆದುಕೊಂಡರು, ಹ್ಞೂಂ, ಮೂರೂ ಸರಿ, ಅಬ್ಬಾ ಕಡೆಗೂ, ಆರಕ್ಕೆ ನಾಲ್ಕು ಅಂಕ ತಗೋ — ಪಾಸಾದೆ, ಅಮ್ಮಾ, ಪಾಸಾದೆ — ಅಲ್ಲ ಕಣಮ್ಮ, ಎಲ್ಲರ ಕುರ್ಚಿಗೂ ತಲೆ ಬಲಕ್ಕೆ, ನಿಮ್ಮಿಬ್ಬರದ್ದು ಮಾತ್ರ ಯಾಕೆ ಎಡಕ್ಕೆ? ನಿಮ್ಮಿಬ್ಬರದ್ದು ಅಂದರೆ? ನಿಂದು, ಬಿಲ್ಯಾನಾಳದು, ಬೆಳಿಗ್ಗೆ ಮುಗಿಸಿದಳು ನೋಡು, ಓಗ್ನ್ಯಾನ್ ಕೂರಿಸ್ಕೊಂಡು ಹೇಳಿಕೊಟ್ಟಿದ್ದಾನೆ, ನಮ್ಮ ಮದುವೆಗೆ ಮುಂಚೆ ಪರೀಕ್ಷೆ ಮುಗಿಸ್ಕೊಂಡ್ಬಿಡು ಅಂತ, ಯಾಕೆ, ನಿನಗೆ ಹೇಳಿಲ್ವಾ ಅವರು — ರಾಶಿಯಿಂದ ಕಾಗದ ತೆಗೆದು ನನ್ನದರ ಪಕ್ಕ ಇಟ್ಟರು, ನಗುತ್ತಿದ್ದಾರೆ, ನಾನೂ ನಗಬೇಕು, ಆಗುತ್ತಿಲ್ಲ, ಬಿಲ್ಯಾನಾ ಬಲಗೈಯವಳು, ಪ್ರಯೋಗಾಲಯದಲ್ಲಿ ಅವಳ ಬಲ ಮೊಣಕೈ ನನ್ನ ಎಡ ಮೊಣಕೈಗೆ ದಿನಾ ತಾಗುತ್ತಿತ್ತು, ಬಲಗೈಯವಳಿಗೆ ಈ ಉಪಾಯ ಬೇಕೇ ಇರಲಿಲ್ಲ, ಬೇಕೇ ಇರಲಿಲ್ಲ, ಆದರೂ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಬಲಮೂಲೆಯಿಂದ ಹೊರಟ ಗೆರೆ, ತಲೆ ಎಡಕ್ಕೆ, ಅವಳ ಬಲಗೈಗೇ ಒರೆಸಿಹೋದ ಆರು ಗೆರೆ, ತಲೆ ಎಡಕ್ಕೆ, ತಲೆ ಎಡಕ್ಕೆ