ನಲವತ್ತೆರಡು ಸೆಕೆಂಡು

"ಶ್! ಬಂತು, ಬಂತು!" ಎನ್ನುತ್ತ ರೀಜಿಸ್ ಸ್ಟಾಪ್‌ವಾಚಿನ ಗುಂಡಿ ಒತ್ತಿದ. ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಎಂಬ ಕಡುಬಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದ ಕೈಗಳೆಲ್ಲ ನಿಂತವು.

ಪ್ರತಿ ಜನವರಿಯಲ್ಲೂ ಹೀಗೇ. ಗರ್ಭಪಾತ ವಿರೋಧಿ ಮೆರವಣಿಗೆಗೆಂದು ಬಸ್ಸು ಮಾಡಿಕೊಂಡು ವಾಷಿಂಗ್ಟನ್ನಿಗೆ ಹೋಗಿಬಂದ ಮರುದಿನ, ಭಾನುವಾರದ ಮಾರಾಟದ ಪಿರೋಗಿ ಮಾಡುತ್ತ ಎಲ್ಲರೂ ಸಂಜೆ ಆರರ ಸುದ್ದಿ ನೋಡುತ್ತಿದ್ದರು. ಹಿಂದೆ ಶಾಲೆಯಲ್ಲಿ ಓಟ ಕಲಿಸುತ್ತಿದ್ದ ರೀಜಿಸ್, ತಮ್ಮವರನ್ನು ಎಷ್ಟು ಹೊತ್ತು ತೋರಿಸಿದರು, ಎದುರು ನಿಂತವರನ್ನು ಎಷ್ಟು ಹೊತ್ತು ತೋರಿಸಿದರು ಎಂದು ಅಳೆದು ಗೋಡೆಯ ಹಾಳೆಯಲ್ಲಿ ಬರೆಯುತ್ತಿದ್ದ. ಹದಿನಾಲ್ಕು ವರ್ಷದ ಅಳತೆ ಅಲ್ಲಿತ್ತು.

ಪಿರೋಗಿ ಮಾಡುವವರ ನಡುವೆ ಬರ್ನಡೀನ್ ಈ ಸಲ ಟೀವಿಗೆ ನೇರ ಎದುರಿನ ಜಾಗ ಹಿಡಿದಿದ್ದಳು. ನಿನ್ನೆ ಟೀವಿಯ ಹುಡುಗಿ ಮೈಕು ಹಿಡಿದು, "ನೀವ್ಯಾಕೆ ಬಂದಿದೀರಿ, ಅಮ್ಮಾ?" ಎಂದು ಕೇಳಿದಾಗ, ಹನ್ನೊಂದು ವರ್ಷ ಗಂಟಲಲ್ಲಿ ಕೂತಿದ್ದುದೆಲ್ಲ ಹತ್ತು ನಿಮಿಷದಲ್ಲಿ ಹೊರಗೆ ಬಂದಿತ್ತು. ಮಗಳೆದುರು ಆಡಲಾಗದ ಮಾತು ಗುರುತಿಲ್ಲದವಳ ಮುಂದೆ ಅದು ಹೇಗೆ ಬಂತೋ! ಬಸ್ಸಿನಲ್ಲಿ ಕೂತು ಮಗಳು ಕೋಲೆಟ್‌ಗೆ ಮೆಸೇಜು ಕಳಿಸಿದ್ದಳು: 'ನಾಳೆ ಆರರ ಸುದ್ದಿ ನೋಡು. ನಿನಗೇ ಹೇಳಿದ್ದು.' ಊರವರ ಮುಂದೆ ಮಾನ ಹೋದರೂ ಹೋಗಲಿ, ಅವಳಿಗೊಮ್ಮೆ ಕೇಳಿಸಿಬಿಡಲಿ ಎಂದುಕೊಂಡು ಈಗ ಕಣ್ಣು ಕೀಳದೆ ನೋಡುತ್ತಿದ್ದಳು.

ಹಿಮದಲ್ಲಿ ಮೈಲುಗಟ್ಟಲೆ ನಡೆದ ಜನಸಾಗರ ಪರದೆಯ ಮೇಲೆ ಒಂದು ಬೀದಿಮೂಲೆಯಷ್ಟಾಗಿತ್ತು. ಯಾವ ಊರಿನವನೋ, ರಕ್ತಸಿಕ್ತ ಭ್ರೂಣದ ಚಿತ್ರ ಎತ್ತಿ ಹಿಡಿದು ಬೊಬ್ಬಿಡುತ್ತಿದ್ದ. ಅವನ ಪಕ್ಕದಲ್ಲೇ ಬಾಯಿ ತೆರೆದ ಬರ್ನಡೀನ್. 'ಮಕ್ಕಳಿದಾರೆ, ಇಳಿಸಪ್ಪಾ ಅದನ್ನ' ಎಂದು ಅವನಿಗೆ ಹೇಳುತ್ತಿದ್ದ ಗಳಿಗೆ ಅದು. ದನಿ ಇಲ್ಲದೆ ನೋಡಿದರೆ ಅವಳೂ ಬೊಬ್ಬಿಟ್ಟಂತಿತ್ತು. ಆಮೇಲೆ ಎದುರು ನಿಂತ ಗುಂಪಿನ ಹುಡುಗಿಯೊಬ್ಬಳು ನಿಧಾನವಾಗಿ, ಅಚ್ಚುಕಟ್ಟಾಗಿ ಮಾತಾಡಿದಳು. ಆಮೇಲೆ ಹವಾಮಾನ.

"ನಲವತ್ತೆರಡು! ಅದರಲ್ಲಿ ಆ ಹುಡುಗಿ ಒಬ್ಬಳಿಗೇ ಹತ್ತೊಂಬತ್ತು! ನಮ್ಮವರದ್ದು ಒಂದು ಮಾತೂ ಇಲ್ಲ!" ಊಹಿಸಿದ ಕಾಯಿಲೆಯೇ ಸಿಕ್ಕಿದ ವೈದ್ಯನ ಗೆಲುವು ರೀಜಿಸ್‌ನ ದನಿಯಲ್ಲಿತ್ತು. "ನಾನು ಹೇಳ್ಲಿಲ್ವಾ? ಹೋದ ವರ್ಷಕ್ಕಿಂತ ಕಡೆ."

"ಅಲ್ಲ ಕಣೇ ಬರ್ನಡೀನ್," ಎಂದಳು ಎದುರಿಗಿದ್ದ ಒಟಿಲಿ, "ನಿನ್ನ ಬಾಯಿ ನೋಡ್ದ್ಯಾ? ಹಲ್ಲಿನ ಡಾಕ್ಟ್ರ ಮುಂದೆ ಕೂತಂಗಿತ್ತು!"

ನೆಲಮಾಳಿಗೆಯೆಲ್ಲ ನಕ್ಕಿತು. ಬರ್ನಡೀನ್‌ಳ ಜೇಬಿನಲ್ಲಿ ಫೋನು ಮಿಡುಕಿತು. ಹಿಟ್ಟಿನ ಕೈಯಲ್ಲೇ ತೆಗೆದಳು. ಕೋಲೆಟ್ ಬರೆದಿದ್ದಳು: 'ನೋಡಿದೆ. ಆ ಚಿತ್ರ ಹಿಡಿದವನ ಪಕ್ಕ ನಿಂತು ಕಿರುಚೋದನ್ನ ತೋರಿಸೋಕೆ ನನ್ನನ್ನ ಕೂರಿಸಿದ್ಯಾ?'

ರೀಜಿಸ್ ಆಗಲೇ ಕಾಗದ ತೆಗೆದು ಕೂತಿದ್ದ. "ಈ ಸಲ ಸುಮ್ನೆ ಬಿಡಬಾರದು. ಟೀವಿಯವರಿಗೆ ಬರೀತೀನಿ. ಬರ್ನಡೀನ್, ಹತ್ತು ನಿಮಿಷ ಮಾತಾಡಿದ್ಯಲ್ಲಮ್ಮ, ಏನೇನು ಹೇಳ್ದೆ? ಒಂದಕ್ಷರ ಬಿಡದೆ ಹೇಳು. ಅವರು ಕತ್ತರಿಸಿದ್ದನ್ನೆಲ್ಲ ನಾವು ಹಾಕೋಣ."

ಅವಳು ಕೈ ಒರೆಸಿಕೊಂಡಳು.

"ಕೋಲೆಟ್ ಬಸುರಿಯಾಗಿದ್ಲು. ಹತ್ತೊಂಬತ್ತು ವರ್ಷ ಅವಳಿಗೆ. ಮಗು ಬೇಕು ಅಂತ ಅತ್ಲು. ಕಾಲೇಜು ಬೇಕಾದ್ರೆ ಇದು ಬೇಡ, ಇದು ಬೇಕಾದ್ರೆ ಈ ಮನೆ ಬೇಡ, ಅಂದೆ. ನಾನೇ ಕಾರಲ್ಲಿ ಕ್ಲಿನಿಕ್ಕಿಗೆ ಕರಕೊಂಡು ಹೋದೆ. ಅವಳು ಒಳಗೆ ಹೋದಾಗ ನಾನು ಹೊರಗೆ ಕಾರಲ್ಲೇ ಕೂತು ರೇಡಿಯೋ ಕೇಳ್ತಿದ್ದೆ. ತಪ್ಪು ಅವಳದ್ದಲ್ಲ, ನಂದು. ಅದಕ್ಕೇ ಪ್ರತಿ ವರ್ಷ ಬರ್ತೀನಿ. ಇಷ್ಟೇ ಹೇಳಿದ್ದು."

ಒಟಿಲಿ ಬಟ್ಟಲಿನಿಂದ ಆಲೂಗಡ್ಡೆ ತೆಗೆದುಕೊಂಡಳು. ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಬಟ್ಟಲಿಗೇ ಹಾಕಿದಳು. ರೀಜಿಸ್‌ನ ಪೆನ್ನು ಕಾಗದ ಮುಟ್ಟಿರಲಿಲ್ಲ.

"ಅದು..." ಎಂದು ಅವನು ಕೊನೆಗೆ ಕೆಮ್ಮಿದ. "ಅದು ಮನೆ ವಿಷಯ ಆಯ್ತಲ್ಲಮ್ಮ. ಇಂಥದ್ದನ್ನ ಬರೆದ್ರೆ ಅವರು ನಮ್ಮ ಮೇಲೇ ತಿರುಗಿಸ್ತಾರೆ. 'ಹತ್ತು ನಿಮಿಷ ಮಾತಾಡಿದರೂ ಒಂದು ಮಾತನ್ನೂ ಪ್ರಸಾರ ಮಾಡಲಿಲ್ಲ' ಅಂತ ಹಾಕ್ತೀನಿ. ಸಾಕಲ್ವಾ? ಅದೇನೂ ಸುಳ್ಳಲ್ಲ."

ತಲೆ ಬಗ್ಗಿಸಿ ಬರೆಯತೊಡಗಿದ. ಯಾರೂ ಅವಳತ್ತ ನೋಡಲಿಲ್ಲ. ಅಂಚು ಒತ್ತುವ ಸದ್ದು ಮೇಜಿನ ಆ ತುದಿಯಿಂದ ಒಂದೊಂದಾಗಿ ಶುರುವಾಗಿ, ಅವಳ ಜಾಗವನ್ನು ದಾಟಿಕೊಂಡು ಈ ತುದಿಗೆ ಬಂತು.

ಬರ್ನಡೀನ್ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಕಾರಿನ ಗಾಜನ್ನೆಲ್ಲ ಹಿಮ ಮುಚ್ಚಿತ್ತು. ಅದನ್ನು ಕೆರೆಯದೆ ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಫೋನಿನಲ್ಲಿ ಮಗಳ ಹೆಸರು ಒತ್ತಿದಳು. ಆರು ಸಲ ಗಂಟೆ ಹೊಡೆಯಿತು. ಏಳನೆಯದಕ್ಕೆ ಯಾರೋ ಎತ್ತಿದರು; ಬರೀ ನಲ್ಲಿಯಿಂದ ನೀರು ಸುರಿಯುವ ಸದ್ದು, ತಟ್ಟೆಗೆ ತಟ್ಟೆ ತಾಗುವ ಸದ್ದು.

"ಕೋಲೆಟ್," ಎಂದಳು. "ಅವತ್ತು ನಾನು ಕಾರಲ್ಲಿ ಕೂತಿದ್ನಲ್ಲ..."

ಆ ಕಡೆ ನಲ್ಲಿ ನಿಂತಿತು.